ಸೋಗೆ ತೆಗೆದ ಬೇಸಿಗೆ

ನಾನು ಹಾವೇರಿ ಕಡೆಯವಳು. ನಮ್ಮ ಮನೆಯಲ್ಲಿ ಮೆಣಸಿನಕಾಯಿಯನ್ನು ಎಕರೆಗಟ್ಟಲೆ ಬೆಳೆಯುತ್ತಿದ್ದರು. ಕೊಯ್ಲಿನ ದಿನಗಳಲ್ಲಿ ಕಣದ ತುಂಬ ಕೆಂಪು ಹಾಸಿರುತ್ತಿತ್ತು, ಮನೆಮಂದಿಯೆಲ್ಲ ಸೀನುತ್ತಲೇ ಉಣ್ಣುತ್ತಿದ್ದೆವು. ಶಾಲೆಯ ನೌಕರಿ ಸಿಕ್ಕಿ ಸಿದ್ದಾಪುರಕ್ಕೆ ಬಂದೆ. ಪೇಟೆಯ ಅಂಚಿನಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆ. ಕೆಳಗಿನ ಅಂಗಳದಲ್ಲಿ, ಪೂರ್ವದ ಗೋಡೆಯ ಬದಿಗೆ, ಬಣ್ಣದ ಹಳೆಯ ಡಬ್ಬಿಗಳಲ್ಲಿ ಒಂಬತ್ತು ಮೆಣಸಿನ ಗಿಡಗಳು ಸಾಲಾಗಿ ನಿಂತಿದ್ದವು. ಒಂಬತ್ತು ಗಿಡಕ್ಕೆ ಇಷ್ಟೊಂದು ಉಪಚಾರವೇ ಎಂದು ನನಗೆ ಒಳಗೊಳಗೇ ನಗು ಬಂದಿತ್ತು.

ಗಿಡಗಳು ಮನೆಯೊಡತಿಯವು. ಆಕೆಗೆ ಆಗ ಅರವತ್ತರ ಹತ್ತಿರ, ತವರು ತ್ಯಾಗಲಿ ಎಂಬ ಊರು. ನಾನು ನಮ್ಮ ಕಡೆಯ ರೂಢಿಯಂತೆ ಅಮ್ಮಾರ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಆ ಮೆಣಸಿನ ಬೀಜ ಅವರ ತಾಯಿ ಕೊಟ್ಟದ್ದು. ಕಿರುಬೆರಳಿನ ಅರ್ಧದಷ್ಟು ಉದ್ದ, ದಪ್ಪನೆಯ ಮೈ, ಬೆಣ್ಣೆಯ ಬಣ್ಣ. ಹಣ್ಣಾದರೆ ಕೆಂಪಾಗುತ್ತಿರಲಿಲ್ಲ, ಕಿತ್ತಳೆಯ ಬಣ್ಣಕ್ಕೆ ತಿರುಗುತ್ತಿತ್ತು. ಖಾರ ಸಾಧಾರಣ, ಪರಿಮಳ ಮಾತ್ರ ಹೇಳತೀರದು. ಬೇಸಿಗೆಯಲ್ಲಿ ಮಾವಿನಕಾಯಿ ಬೇಯಿಸಿ ಕಿವುಚಿ ಅಪ್ಪೆಹುಳಿ ಮಾಡಿದ ದಿನ ಈ ಮೆಣಸು ಎರಡನ್ನು ಅದರಲ್ಲಿ ನುರಿದು, ಒಂದು ಲೋಟ ನನಗೂ ಮೇಲಕ್ಕೆ ಕಳಿಸುತ್ತಿದ್ದರು. ಕುಡಿದ ಮೇಲೆ ಲೋಟ ತೊಳೆಯಲು ಮನಸ್ಸಾಗುತ್ತಿರಲಿಲ್ಲ.

ಮಾರ್ಚ್ ತಿಂಗಳು ಬರುತ್ತಿದ್ದಂತೆ ಆ ಗಿಡಗಳ ದಿನಚರಿಯೇ ಬದಲಾಗುತ್ತಿತ್ತು. ಡಬ್ಬಿಗಳು ಕಾದ ಸಿಮೆಂಟಿನ ಮೇಲೆ ಕೂರಬಾರದೆಂದು ಅಡಿಗೆ ಹಲಗೆ ಇಡುತ್ತಿದ್ದರು. ಗೋಡೆಗೂ ಎರಡು ಗೂಟಗಳಿಗೂ ಹಗ್ಗ ಕಟ್ಟಿ, ಅದರ ಮೇಲೆ ಒಣಗಿದ ಅಡಿಕೆ ಸೋಗೆಗಳನ್ನು ತೆಳ್ಳಗೆ ಹರಡಿ ಚಪ್ಪರ ಮಾಡುತ್ತಿದ್ದರು. ಬೆಳಗಿನ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿಯುತ್ತಿತ್ತು, ಮಧ್ಯಾಹ್ನದ್ದು ಮೇಲೆಯೇ ತಡೆದು ನಿಲ್ಲುತ್ತಿತ್ತು. ಬುಡಕ್ಕೆ ಒಣ ಎಲೆಗಳ ಹೊದಿಕೆ. ಇಲ್ಲಿಯವರು ಅದನ್ನು ದರಕು ಎನ್ನುತ್ತಾರೆ. ಮಳೆಗಾಲದ ಕೊನೆಯಲ್ಲಿ ಕೊಟ್ಟ ಗೊಬ್ಬರವೇ ಸಾಕು, ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಬಿಟ್ಟರೆ ಬೇರೇನೂ ಇಲ್ಲ. ಎಲೆ ಮುದುರಿದರೆ ಹುಳಿ ಮಜ್ಜಿಗೆಯನ್ನು ನೀರಾಗಿಸಿ ಎಲೆಯ ಅಡಿಗೆ ಚಿಮುಕಿಸುತ್ತಿದ್ದರು.

ಈ ಕೆಲಸದಲ್ಲಿ ಅವರ ಜೊತೆಗೆ ಇರುತ್ತಿದ್ದವಳು ಹತ್ತಿರದ ಹಳ್ಳಿ ಕೋಲಸಿರ್ಸಿಯಿಂದ ದಿನವೂ ಬರುತ್ತಿದ್ದ ಒಬ್ಬ ಹೆಂಗಸು. ಐವತ್ತರ ಆಚೀಚೆ, ಗಟ್ಟಿ ಮೈ, ಮಾತು ಕಡಿಮೆ. ಅಂಗಳ ಗುಡಿಸಿ, ಪಾತ್ರೆ ತೊಳೆದು, ಹಿಂದಿನ ಜಗಲಿಯಲ್ಲಿ ದೋಸೆ ತಿಂದು ಹೋಗುತ್ತಿದ್ದಳು. ಹದಿನಾಲ್ಕು ವರ್ಷದಿಂದ ಆ ಮನೆಯ ಕೆಲಸ ಅವಳದು. ಈ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ, ಅವಳೂ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು.

ನಾನು ಬಂದ ಎರಡನೆಯ ವರ್ಷ, ಏಪ್ರಿಲ್ ಮೊದಲಲ್ಲಿ, ಹುಬ್ಬಳ್ಳಿಯಲ್ಲಿದ್ದ ಮಗಳ ಬಾಣಂತನಕ್ಕೆ ಅಮ್ಮಾರು ಗಂಡನನ್ನೂ ಕರೆದುಕೊಂಡು ಹೊರಟರು. ಎರಡು ತಿಂಗಳು. ಹೊರಡುವ ಹಿಂದಿನ ದಿನ ನನ್ನನ್ನು ಗಿಡಗಳ ಮುಂದೆ ನಿಲ್ಲಿಸಿ ಹೇಳಿದರು.

“ತಂಗಿ, ನೀರು ಬೆಳಿಗ್ಗೆ ಬಿಸ್ಲು ಬಪ್ಪದ್ರೊಳ್ಗೆ ಹಾಕು. ಮಧ್ಯಾಹ್ನ ಎಲೆ ಜೋತು ಬಿದ್ರೂ ಹೆದ್ರಡ, ಸಂಜೆಗೆ ತನ್ನಷ್ಟಕ್ಕೇ ಎದ್ಕತ್ತು. ಗೊಬ್ಬರ ಎಂತದೂ ಬ್ಯಾಡ. ಬೇಸ್ಗೆಲಿ ಅದ್ಕೆ ಉಂಬಲೆ ಮನಸಿಲ್ಲೆ.”

“ಚಿಂತಿ ಮಾಡಬ್ಯಾಡ್ರಿ ಅಮ್ಮಾರ, ನಾನು ಮೆಣಸಿನಕಾಯಿ ಹೊಲದಾಗ ಬೆಳದಾಕಿ” ಎಂದೆ.

ಅವರು ನಕ್ಕರು. ಆಮೇಲೆ ನಾಲ್ಕೈದು ಕಾಯಿಗಳ ತೊಟ್ಟಿಗೆ ಕೆಂಪು ದಾರ ಕಟ್ಟಿದ್ದನ್ನು ತೋರಿಸಿದರು. ಅವು ಬೀಜಕ್ಕೆ ಬಿಟ್ಟವು. ನಾನು ಬರುವ ಹಿಂದಿನ ವರ್ಷ ಬೂದಿಯಲ್ಲಿ ಕಲಸಿಟ್ಟ ಬೀಜದ ಬಹುಪಾಲು ಇರುವೆಯ ಪಾಲಾಗಿ, ಉಳಿದಷ್ಟರಿಂದ ಎದ್ದದ್ದೇ ಈ ಒಂಬತ್ತು. “ಇದ್ರ ಮಾತ್ರ ಕೊಯ್ಯಡ. ಬೇರೆ ಎಷ್ಟು ಬೇಕಾದ್ರೂ ಕೊಯ್ಕ” ಎಂದರು.

ಮೊದಲ ಎರಡು ವಾರ ಹೇಳಿದ ಹಾಗೆಯೇ ನಡೆಸಿದೆ. ಗಿಡಗಳು ಚೆನ್ನಾಗಿದ್ದವು. ಒಂದು ಬೆಳಿಗ್ಗೆ ನೀರು ಹಾಕಿದ ಮೇಲೆ ಎಲೆಗಳು ಹೊಳೆಯುತ್ತಿದ್ದಾಗ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡೆ. ಅಮ್ಮಾರಿಗೆ ಕಳಿಸಬೇಕೆಂದುಕೊಂಡು ಮರೆತೆ.

ಶಾಲೆಗೆ ರಜೆ ಬಿಟ್ಟಿತು. ಊರಿಗೆ ಹೋಗುವ ಮೊದಲು ಶಿರಸಿಯಲ್ಲಿ ಮೂರು ದಿನದ ತರಬೇತಿ ಇತ್ತು, ಅದಕ್ಕಾಗಿ ಉಳಿದುಕೊಂಡಿದ್ದೆ. ಕೆಲಸವಿಲ್ಲದ ಆ ಹೊತ್ತಿನಲ್ಲಿ ಗಿಡಗಳನ್ನು ನೋಡುತ್ತಾ ಕೂರುವುದೇ ನನಗೆ ಕೆಲಸವಾಯಿತು. ಹಾಗೆ ನೋಡುವಾಗಲೇ ಹೂವು ಉದುರುತ್ತಿರುವುದು ಕಣ್ಣಿಗೆ ಬಿತ್ತು. ದಿನವೂ ದರಕಿನ ಮೇಲೆ ಹತ್ತಿಪ್ಪತ್ತು ಬಿಳಿ ಹೂವು. ಬಿಸಿಲು ಏರಿದಾಗ ಮೆಣಸಿನ ಗಿಡ ಹೂವು ಚೆಲ್ಲುತ್ತದೆ, ತಂಪಾದಾಗ ಮತ್ತೆ ಬಿಡುತ್ತದೆ ಎನ್ನುವುದು ಈಗ ನನಗೆ ಗೊತ್ತು. ಆಗ ಅನಿಸಿದ್ದು ಇಷ್ಟೇ: ಗಿಡಕ್ಕೆ ಹಸಿವೆ. ಇವರು ಉಪವಾಸ ಹಾಕಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ವಿಡಿಯೋಗಳೂ ಅದನ್ನೇ ಹೇಳಿದವು, ಅಥವಾ ನನಗೆ ಬೇಕಾದದ್ದನ್ನೇ ಹೇಳುವ ವಿಡಿಯೋಗಳನ್ನು ನಾನು ಆರಿಸಿಕೊಂಡೆ. ಅಪ್ಪ ಹೊಲದಲ್ಲಿ ಸಾಲಿನುದ್ದಕ್ಕೂ ಮುಷ್ಟಿ ಮುಷ್ಟಿ ಗೊಬ್ಬರ ಚೆಲ್ಲುತ್ತಿದ್ದದ್ದು ನೆನಪಾಯಿತು. ಅಮ್ಮಾರು ಮರಳಿ ಬಂದಾಗ ಗಿಡದ ತುಂಬ ಕಾಯಿ ಜೋತಾಡುತ್ತಿರಬೇಕು, ಅವರು ಬಾಯಿ ತೆರೆದು ನಿಲ್ಲಬೇಕು, ಹೊಲದಲ್ಲಿ ಬೆಳೆದಾಕಿ ಎಂದರೆ ಏನೆಂದು ಅವರಿಗೆ ತಿಳಿಯಬೇಕು. ಆಸೆ ಇದ್ದದ್ದು ಅದು. ಗಿಡದ ಮೇಲಿನ ಅಕ್ಕರೆ ಎಂದು ಆಗ ಅದನ್ನು ನಾನೇ ಕರೆದುಕೊಂಡಿದ್ದೆ.

ಪೇಟೆಯಿಂದ ಕಾಳು ಗೊಬ್ಬರ ತಂದೆ. ದರಕನ್ನೆಲ್ಲ ಬಾಚಿ ತೆಗೆದು, ಡಬ್ಬಿಗೆ ಒಂದು ಚಮಚದಂತೆ ಹಾಕಿ ನೀರು ಹಾಕಿದೆ. ನಾಲ್ಕು ದಿನದಲ್ಲಿ ಎಲೆ ಕಡುಹಸಿರಾಯಿತು. ಆ ಬಣ್ಣ ನೋಡಿ ಹಿಗ್ಗಿ ಇನ್ನೊಂದು ದೊಡ್ಡ ಚಮಚ ಹಾಕಿದೆ. ಕಾಯಿ ಕಟ್ಟಲು ಬಿಸಿಲು ಬೇಕು ಎಂದುಕೊಂಡು ಚಪ್ಪರದ ಸೋಗೆಗಳನ್ನು ಒಂದೊಂದಾಗಿ ಎಳೆದೆ.

ಕೋಲಸಿರ್ಸಿಯವಳು ಪೊರಕೆ ಹಿಡಿದು ಬಂದವಳು ಅಲ್ಲೇ ನಿಂತಳು.

“ಸೋಗೆ ಎಂತಕ್ಕೆ ತೆಗೀತಿದ್ರಿ ಅಕ್ಕೋರೆ? ಬಿಸ್ಲು ಕಾಣಿ ಹೆಂಗಿದೆ. ಗಿಡ ಸುಟ್ಟೋಗ್ತದೆ.”

“ನಮ್ಮ ಕಡೆ ಇದಕ್ಕಿಂತ ಬಿಸಲು ಐತಿ. ಅಲ್ಲಿ ಯಾರೂ ಚಪ್ಪರ ಹಾಕೂದಿಲ್ಲ.”

“ಅದು ನೆಲದ ಗಿಡ. ಇದು ಡಬ್ಬಿದು. ಬೇರಿಗೆ ಓಡ್ಲಿಕ್ಕೆ ಜಾಗ ಎಲ್ಲುಂಟು?”

ಅವಳು ಹೇಳಿದ ಆ ಒಂದು ಮಾತು ಸಾಕಿತ್ತು. ಆದರೆ ಮಕ್ಕಳಿಗೆ ಪಾಠ ಹೇಳುವ ನನಗೆ ಅಂಗಳ ಗುಡಿಸುವವಳು ಬುದ್ಧಿ ಹೇಳುವುದೇ ಎಂದು ಕಿರಿಕಿರಿಯಾಯಿತು. “ನಿನ್ನ ಕೆಲಸ ನೀ ನೋಡ್ಕೊ” ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ಗುಡಿಸತೊಡಗಿದಳು. ನಾನು ಡಬ್ಬಿಗಳನ್ನು ಹಲಗೆಯಿಂದ ಇಳಿಸಿ, ಇಡೀ ದಿನ ಬಿಸಿಲು ಬೀಳುವ ಅಂಗಳದ ನಡುವೆ, ಸಿಮೆಂಟಿನ ಮೇಲೆ ಸಾಲಾಗಿ ಇಟ್ಟೆ. ಮಾರನೆಯ ದಿನ ತರಬೇತಿಗೆ ಹೊರಟೆ. ಶಿರಸಿಯಲ್ಲಿ ಗೆಳತಿಯ ಮನೆಯಲ್ಲಿ ಉಳಿಯುವುದಿತ್ತು. ಮೂರು ದಿನ ನೀರು ಹಾಕುವಂತೆ ಕೋಲಸಿರ್ಸಿಯವಳಿಗೆ ಹೇಳಿದೆ. “ಹಾಕ್ತೆ” ಎಂದಳು.

ಮೂರನೆಯ ದಿನ ಸಂಜೆ ಬಸ್ಸಿಳಿದು ಗೇಟು ತೆರೆದಾಗ ಮೊದಲು ನನಗೆ ಅರ್ಥವೇ ಆಗಲಿಲ್ಲ. ಎಲೆಗಳ ಅಂಚು ಕಾಗದ ಸುಟ್ಟ ಹಾಗೆ ಕಂದಾಗಿ ಒಳಕ್ಕೆ ಸುರುಳಿ ಸುತ್ತಿತ್ತು. ತುದಿಗಳು ಬಾಗಿದ್ದವು. ಕಾಯಿಗಳ ಬಿಸಿಲಿನ ಮಗ್ಗುಲು ಬೆಳ್ಳಗೆ ಬೆಂದು ತೆಳ್ಳಗಾಗಿತ್ತು. ಡಬ್ಬಿಯ ಮೈ ಮುಟ್ಟಿದರೆ ಹೊತ್ತು ಮುಳುಗುವ ಹೊತ್ತಿನಲ್ಲೂ ಬಿಸಿ. ಮಣ್ಣು ಮಾತ್ರ ಒದ್ದೆಯಾಗಿತ್ತು. ನೀರು ತಪ್ಪಿರಲಿಲ್ಲ.

ಆ ಒದ್ದೆ ಮಣ್ಣನ್ನು ಬೆರಳಿನಲ್ಲಿ ಮುಟ್ಟಿ ನೋಡಿದ್ದು ನಾನೇ. ಇದನ್ನು ಮರೆಯಬೇಕೆಂದು ಬಹಳ ಪ್ರಯತ್ನಪಟ್ಟಿದ್ದೇನೆ.

ಗಾಬರಿಯಲ್ಲಿ ಡಬ್ಬಿಗಳನ್ನು ನೆರಳಿಗೆ ಎಳೆದೆ. ಗೊಬ್ಬರ ತೊಳೆದುಹೋಗಲೆಂದು ಕೊಡಗಟ್ಟಲೆ ನೀರು ಸುರಿದೆ. ಡಬ್ಬಿಯ ತೂತು ಸಣ್ಣದು, ನೀರು ಮೇಲೆಯೇ ನಿಂತಿತು. ಮಾರನೆಯ ದಿನ ಚಪ್ಪರ ಮತ್ತೆ ಕಟ್ಟಿ ಸೋಗೆ ಹೊದಿಸಿದೆ, ಹಳೆಯ ಸೀರೆ ಒದ್ದೆ ಮಾಡಿ ಇಳಿಬಿಟ್ಟೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಎಲೆಗಳು ಒಂದೊಂದಾಗಿ ಬಿದ್ದವು, ಕಾಂಡ ಬುಡದಿಂದ ಕಪ್ಪಾಗುತ್ತಾ ಬಂತು. ಒಂದು ವಾರದ ಮೇಲೆ ಒಂದು ಗಿಡ ಎಳೆದರೆ ಸಲೀಸಾಗಿ ಕೈಗೆ ಬಂತು. ಬೇರು ಕಂದು ಬಣ್ಣದ ಹಳೆಯ ನಾರಿನಂತಿತ್ತು. ಕೆಂಪು ದಾರದ ಕಾಯಿಗಳು ಹಣ್ಣಾಗುವ ಮೊದಲೇ ಸುಕ್ಕಿದ್ದವು. ಬಿಡಿಸಿ, ಒಳಗಿನ ಎಳೆ ಬೀಜಗಳನ್ನು ಒಂದು ತಟ್ಟೆಯ ಮಣ್ಣಿನಲ್ಲಿ ಊರಿ ದಿನವೂ ನೋಡಿದೆ. ಒಂದೂ ಮೊಳೆಯಲಿಲ್ಲ.

ಇಷ್ಟೂ ದಿನ ಕೋಲಸಿರ್ಸಿಯವಳು ಬರುತ್ತಿದ್ದಳು, ನೋಡುತ್ತಿದ್ದಳು. ನಾನು ಹೇಳಿದ್ದೆನಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ. ಒಂದು ದಿನ ಮಾತ್ರ “ಅಮ್ಮಂಗೆ ಫೋನ್ ಮಾಡಿ ಹೇಳಿ ಅಕ್ಕೋರೆ. ಬಂದು ಒಮ್ಮೆಗೇ ಕಂಡ್ರೆ ಬೇಜಾರು ಮಾಡ್ಕಳ್ತರೆ” ಎಂದಳು.

ಫೋನು ಅಮ್ಮಾರಿಂದಲೇ ಬಂತು. ಮೊಮ್ಮಗಳ ಸುದ್ದಿ, ಹುಬ್ಬಳ್ಳಿಯ ಸೆಕೆಯ ಸುದ್ದಿ ಎಲ್ಲ ಮುಗಿಸಿ ಕೇಳಿದರು: “ಎನ್ನ ಗಿಡ ಹ್ಯಾಂಗಿದ್ದು?”

“ಚಲೋ ಅದಾವ್ರಿ.”

“ಒಂದು ಫೋಟೋ ಕಳ್ಸು ಮಾರಾಯ್ತಿ. ಇಲ್ಲಿ ಬೀಗ್ತಿಗೆ ತೋರ್ಸವು. ಬೀಜ ಕೊಡ್ತೆ ಹೇಳಿದ್ದೆ ಅವ್ಕೆ.”

ಏಪ್ರಿಲ್ ತಿಂಗಳಲ್ಲಿ ತೆಗೆದಿಟ್ಟಿದ್ದ ಆ ಫೋಟೋವನ್ನು ಕಳಿಸಿದೆ. ಕೈ ಮುಗಿದ ಗುರುತು, ನಗುವ ಮುಖ ಎಲ್ಲ ಮರಳಿ ಬಂದವು. ಅದನ್ನು ನೋಡಿ ಮೊಬೈಲನ್ನು ದಿಂಬಿನಡಿ ತುರುಕಿ ಕೂತಿದ್ದೆ. ಆಮೇಲೆ ಗಿಡಗಳನ್ನೆಲ್ಲ ಕಿತ್ತು, ಡಬ್ಬಿಗಳ ಮಣ್ಣನ್ನು ಬಾಳೆಯ ಬುಡಕ್ಕೆ ಸುರಿದು, ಡಬ್ಬಿ ತೊಳೆದು ಬೋರಲು ಹಾಕಿ ಊರಿಗೆ ಹೋದೆ.

ಮೇ ಕೊನೆಯಲ್ಲಿ ಶಾಲೆ ತೆರೆಯುವ ಹೊತ್ತಿಗೆ ನಾನು ಬಂದೆ, ಎರಡು ದಿನದ ಮೇಲೆ ಅಮ್ಮಾರೂ ಬಂದರು. ಸಾಮಾನು ಇಳಿಸುವ ಮೊದಲೇ ಗೋಡೆಯ ಕಡೆ ಹೋದರು. ನಾನು ಮೆಟ್ಟಿಲ ಮೇಲಿದ್ದೆ.

“ಒಂದೂ ಉಳಿದ್ದಿಲ್ಯನೇ?”

ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ. “ಫೋಟೋ ಕಳಿಸಿದ ಮ್ಯಾಲ ಹೋದ್ವುರಿ. ನಾನು ಮೂರು ದಿನ ಶಿರಸಿಗೆ ತರಬೇತಿಗೆ ಹೋಗಿದ್ದೆ. ಬಂದು ನೋಡೂದ್ರಾಗ ಒಣಗಿದ್ವು.”

ನಾನು ಯಾರ ಹೆಸರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಮೂರು ದಿನ ನೀರಿನ ಹೊಣೆ ಯಾರದಿತ್ತು ಎನ್ನುವುದು ಅಮ್ಮಾರಿಗೆ ತಾನಾಗಿ ಹೊಳೆಯಿತು.

ಮರುದಿನ ಬೆಳಿಗ್ಗೆ ಕೆಳಗಿನಿಂದ ಅವರ ದನಿ ಕೇಳಿತು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಳಿದು ಬಂದು ಮೆಟ್ಟಿಲ ಕೊನೆಯಲ್ಲಿ ನಿಂತೆ.

“ಮೂರೇ ದಿನ. ಒಂದು ತಂಬಿಗೆ ನೀರು ಹಾಕಲೆ ನಿಂಗೆ ಕೈ ಬೈಂದಿಲ್ಯ? ಎನ್ನ ಅಮ್ಮ ಕೊಟ್ಟ ಬೀಜ ಹೇಳಿ ನಿಂಗೆ ಗೊತ್ತಿತ್ತಿಲ್ಯ?”

“ನಾನು ಹಾಕಿದ್ದೆ ಅಮ್ಮ. ಮೂರೂ ದಿನ ಹಾಕಿದ್ದೆ. ಬೇಕಾದ್ರೆ ಅಕ್ಕೋರನ್ನೇ ಕೇಳಿ.”

ಇಬ್ಬರೂ ನನ್ನ ಕಡೆ ತಿರುಗಿದರು. ಅಂಗಳದಲ್ಲಿ ಆಗಿನ್ನೂ ಎಳೆ ಬಿಸಿಲು. ಒದ್ದೆ ಮಣ್ಣು ನನ್ನ ಬೆರಳಿಗೆ ಅಂಟಿದ್ದು ನನಗೆ ಚೆನ್ನಾಗಿ ನೆನಪಿತ್ತು.

“ನನಗೇನು ಗೊತ್ರಿ, ನಾನಿರಲಿಲ್ಲಲ್ಲ” ಎಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ನನ್ನ ಮಾತು ಮುಗಿದಿಲ್ಲ, ಇನ್ನೂ ಏನೋ ಬರುತ್ತದೆ ಎಂದು ಕಾಯುವವಳ ಹಾಗೆ. ಬರಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಗೇಟು ದಾಟಿ ಹೋದಳು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಅಮ್ಮಾರು ತಾವೇ ಅಂಗಳ ಗುಡಿಸತೊಡಗಿದರು. ಬಾಗಿದರೆ ಸೊಂಟ ಹಿಡಿಯುತ್ತಿತ್ತು, ನಡುನಡುವೆ ಪೊರಕೆ ಹಿಡಿದು ನಿಂತುಬಿಡುತ್ತಿದ್ದರು. ಮೇಲಿನ ಕಿಟಕಿಯಿಂದ ನಾನು ನೋಡುತ್ತಿದ್ದೆ. “ಇಷ್ಟು ವರ್ಷ ಇದ್ದವ್ಳು, ಹಿಂಗೆ ಮಾಡ್ತು ಹೇಳಿ ಆನು ಎಣಿಸಿದ್ನಿಲ್ಲೆ” ಎಂದು ಒಮ್ಮೆ ನನ್ನ ಹತ್ತಿರವೇ ಹೇಳಿಕೊಂಡರು. ಹೂಂ ಎಂದು ಮೆಟ್ಟಿಲು ಹತ್ತಿದೆ. ಮಳೆ ಹಿಡಿಯಿತು. ಶಾಲೆಯಲ್ಲಿ ಪೆನ್ಸಿಲು ಕದ್ದ ಹುಡುಗಿಯೊಬ್ಬಳನ್ನು ನಿಲ್ಲಿಸಿ, ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕು ಎಂದು ಹೇಳುತ್ತಿದ್ದವಳಿಗೆ ಅರ್ಧದಲ್ಲೇ ಮಾತು ನಿಂತುಹೋಯಿತು. ಆ ಭಾನುವಾರ ಕೋಲಸಿರ್ಸಿಗೆ ಹೋದೆ.

ಅವಳು ಮನೆಯ ಮಾಡಿನಡಿ ಕಟ್ಟಿಗೆ ಒಟ್ಟುತ್ತಿದ್ದಳು. ನನ್ನನ್ನು ನೋಡಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು, ಬೆಲ್ಲ ನೀರು ಕೊಟ್ಟಳು. ನಾನು ಎಲ್ಲ ಹೇಳಿದೆ: ಗೊಬ್ಬರ ಎಷ್ಟು ಹಾಕಿದೆ, ಯಾಕೆ ಹಾಕಿದೆ, ಬೇರು ಹೇಗಿತ್ತು, ಮಣ್ಣು ಒದ್ದೆಯಿದ್ದದ್ದು, ಫೋಟೋ. ಅವಳು ಕಟ್ಟಿಗೆ ಒಟ್ಟುತ್ತಲೇ ಕೇಳಿದಳು.

“ಅದೆಲ್ಲ ನಂಗೆ ಗೊತ್ತಿದ್ದಿದ್ದೇ ಅಕ್ಕೋರೆ, ಕಣ್ಣೆದುರಿಗೇ ಆದದ್ದು. ಅಮ್ಮ ಬೈದ್ರು ಅಂತೇಳಿ ನಾನು ಬಿಟ್ಟಿದ್ದಲ್ಲ. ಅವ್ರು ಮೊದ್ಲೂ ಬೈತಿದ್ರು, ಮತ್ತೆ ದೋಸೆನೂ ಹಾಕ್ತಿದ್ರು. ಅವ್ರು ನಿಮ್ಮ ಮುಖ ಕಂಡಾಗ ನಾನೂ ಕಂಡೆ. ನೀವು ಹೇಳ್ತೀರಿ ಅಂತೇಳಿ ಕಾದೆ.”

“ಮತ್ತ ಬಾ. ನಾನು ಅಮ್ಮಾರಿಗೆ ಹೇಳ್ತೀನಿ” ಎಂದೆ.

“ನೀವು ಹೇಳೂದಾದ್ರೆ ಹೇಳಿ. ಅದು ನಿಮ್ಮ ಕೆಲ್ಸ. ನಾನು ಬರೂದಿಲ್ಲ.”

ಅದೇ ಸಂಜೆ ಅಮ್ಮಾರ ಮುಂದೆ ಕೂತೆ. ಅವರು ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಗೊಬ್ಬರದ ಮಾತು ಬಂದಾಗ ಕೈ ನಿಲ್ಲಲಿಲ್ಲ. ಸೋಗೆಯ ಮಾತು ಬಂದಾಗಲೂ ನಿಲ್ಲಲಿಲ್ಲ. ಫೋಟೋ ಹಳೆಯದು ಎಂದಾಗ ಹತ್ತಿಯನ್ನು ಬುಟ್ಟಿಗೆ ಹಾಕಿದರು.

“ಆನು ಅದ್ನ ಎಲ್ಲರಿಗೂ ತೋರ್ಸಿದ್ದೆ” ಎಂದರು. ಬುಟ್ಟಿಯನ್ನು ಬದಿಗೆ ಸರಿಸಿ, “ಗಿಡ ಹೋದದ್ದು ಹೋತು. ಎನ್ನ ಕೈಯಲ್ಲೂ ಸಾಯ್ತಿತ್ತೇನ. ಆ ಹೆಂಗ್ಸಿಗೆ ಅಷ್ಟು ಮಾತು ಎನ್ನ ಬಾಯಿಂದ ಆಡ್ಸಿದ್ಯಲೇ ನೀನು” ಎಂದು ಎದ್ದು ಒಳಗೆ ಹೋದರು.

ಮರುದಿನ ಮಳೆಯಲ್ಲೇ ಆಟೋ ಮಾಡಿಕೊಂಡು ಕೋಲಸಿರ್ಸಿಗೆ ಹೋದರು. ಒಬ್ಬರೇ ಮರಳಿ ಬಂದರು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನಿದ್ದ ಉಳಿದ ಒಂದೂವರೆ ವರ್ಷ ಅವರು ನನ್ನ ಜೊತೆ ಒರಟಾಗಿ ನಡೆದುಕೊಳ್ಳಲಿಲ್ಲ. ಹಬ್ಬಕ್ಕೆ ಕಜ್ಜಾಯ ಕಳಿಸುತ್ತಿದ್ದರು, ಜ್ವರ ಬಂದಾಗ ಗಂಜಿ ಕಳಿಸಿದರು. ಆದರೆ ತಂಗಿ ಎನ್ನುವುದನ್ನು ಬಿಟ್ಟು ಅಕ್ಕೋರು ಎನ್ನತೊಡಗಿದರು. ಬೀಜಕ್ಕಾಗಿ ತ್ಯಾಗಲಿಯಲ್ಲಿ ವಿಚಾರಿಸಿದರು. ತವರಿನಲ್ಲಿ ಅದನ್ನು ಬೆಳೆಯುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಆ ಡಬ್ಬಿಗಳಲ್ಲಿ ಆಮೇಲೆ ಸೇವಂತಿಗೆ ನೆಟ್ಟರು.

ಈಗ ನಾನು ಯಲ್ಲಾಪುರದಲ್ಲಿದ್ದೇನೆ. ಬಾಲ್ಕನಿಯಲ್ಲಿ ನಾಲ್ಕು ಮೆಣಸಿನ ಗಿಡಗಳಿವೆ, ನರ್ಸರಿಯಿಂದ ತಂದ ಮಾಮೂಲು ಜಾತಿಯವು. ಬೇಸಿಗೆ ಬಂದರೆ ಕುಂಡದಡಿಗೆ ಹಲಗೆ ಇಡುತ್ತೇನೆ, ಬುಡಕ್ಕೆ ಎಲೆ ಹೊದಿಸುತ್ತೇನೆ, ಬಿಸಿಲಿಗೆ ಗೋಣಿ ಕಟ್ಟುತ್ತೇನೆ. ಹೂವು ಉದುರಿದರೆ ಉದುರಲಿ ಎಂದು ಸುಮ್ಮನಿರುತ್ತೇನೆ. ಮಳೆ ಬಿದ್ದು ನೆಲ ತಂಪಾಗುವ ತನಕ ಗೊಬ್ಬರದ ಚೀಲ ಬಿಚ್ಚುವುದಿಲ್ಲ. ಒಮ್ಮೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. ಅವರೂ ಮಳೆ ಆಗಿ ನೆಲ ಹಸಿಯಾದ ಮೇಲಷ್ಟೇ ಗೊಬ್ಬರ ಚೆಲ್ಲುತ್ತಿದ್ದರಂತೆ. ನಾನು ಮುಷ್ಟಿಯನ್ನು ಮಾತ್ರ ನೋಡಿದ್ದೆ, ನೆಲವನ್ನು ನೋಡಿರಲಿಲ್ಲ.

ಗಿಡಕ್ಕೆ ನೀರು ಹಾಕುವಾಗಲೇ ಒಂದು ದಿನ ಇದು ಹೊಳೆಯಿತು: ಕೋಲಸಿರ್ಸಿಯ ಆ ಮಾಡಿನಡಿ ಕೂತು ನಾನು ಏನೆಲ್ಲ ಹೇಳಿದೆ, ತಪ್ಪಾಯಿತು ಎಂಬ ಒಂದು ಮಾತು ಆಡಲಿಲ್ಲ. ವಿವರಿಸಿದೆ, ವಿವರಿಸಿದ್ದನ್ನೇ ಕ್ಷಮೆ ಎಂದುಕೊಂಡು ಬಂದೆ.

ಹೋದ ವರ್ಷ ಸಿದ್ದಾಪುರಕ್ಕೆ ಒಂದು ಮದುವೆಗೆ ಬಂದವಳು ಮರಳುವ ಮೊದಲು ಕೋಲಸಿರ್ಸಿಗೆ ಹೋದೆ. ಅವಳು ಮನೆಯಲ್ಲಿರಲಿಲ್ಲ. ಸೊಸೆ ಹೊರಗೆ ಬಂದು, ಅತ್ತೆ ಗದ್ದೆಗೆ ಹೋಗಿದ್ದಾರೆ, ಬರುವುದು ಹೊತ್ತಾಗುತ್ತದೆ ಎಂದಳು. ಕೊನೆಯ ಬಸ್ಸಿನ ತನಕ ಕಾದೆ. ಏಳುವಾಗ “ಅಕ್ಕೋರು ಬಂದಿದ್ರು ಅಂತ ಹೇಳು” ಎಂದೆ.

“ಯಾವ ಅಕ್ಕೋರು?” ಎಂದು ಅವಳು ಕೇಳಿದಳು.

ಪೇಟೆಯ ಆ ಮನೆಯ ಮೇಲೆ ಬಾಡಿಗೆಗೆ ಇದ್ದವರು ಎಂದೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಅತ್ತೆ ಮನೆಯಲ್ಲಿ ಆ ವಿಷಯ ಹೇಳಿಯೇ ಇರಲಿಲ್ಲವೋ ಏನೋ. “ಹೇಳ್ತೆ” ಎಂದಳು. ನಾನು ಬಸ್ಸು ಹತ್ತಿದೆ.